ಮೆಗಾವ್ಯಾಟ್ ಲೆಕ್ಕ ಬಿಡಿ, ಯಾರ್ಡಲ್ಲಿ ಎಷ್ಟು ದಿನದ ಕಲ್ಲಿದ್ದಲು ಇದೆ ಹೇಳಿ

ಫೆಬ್ರವರಿ ಮುಗೀತಾ ಬಂತು ಅಂದ್ರೆ ಬೆಂಗಳೂರಲ್ಲಿ ಒಂದು ಪ್ರಶ್ನೆ ಶುರುವಾಗುತ್ತೆ, ಈ ಸಲ ಲೋಡ್ ಶೆಡ್ಡಿಂಗ್ ಇದ್ಯಾ ಇಲ್ವಾ. ಸರ್ಕಾರದ ಕಡೆಯಿಂದ ಬರೋ ಉತ್ತರನೂ ಹೆಚ್ಚುಕಮ್ಮಿ ಒಂದೇ, ಯಾವ ಪಕ್ಷ ಕೂತಿದ್ರೂ ಅಷ್ಟೆ: ರಾಜ್ಯದಲ್ಲಿ ಇಷ್ಟು ಸಾವಿರ ಮೆಗಾವ್ಯಾಟ್ ಸಾಮರ್ಥ್ಯ ಇದೆ, ಯಾರೂ ಗಾಬರಿ ಆಗ್ಬೇಡಿ. ಅದೇನು ಸುಳ್ಳಲ್ಲ. ಆದ್ರೆ ನಾಲ್ಕು ಬರ್ನರ್ ಸ್ಟವ್ ಇಟ್ಕೊಂಡವ್ರ ಮನೇಲಿ ಇವತ್ತು ಅಡುಗೆ ಆಗುತ್ತಾ ಅಂತ ಗೊತ್ತಾಗ್ಬೇಕಾದ್ರೆ ಸಿಲಿಂಡರ್ ಅಲ್ಲಾಡಿಸಿ ನೋಡ್ಬೇಕು, ಬರ್ನರ್ ಎಣಿಸ್ತಾ ಕೂತ್ರೆ ಏನೂ ಗೊತ್ತಾಗಲ್ಲ. ನಮ್ಮ ಕರೆಂಟಿನ ಸಿಲಿಂಡರ್ ಇರೋದು ರಾಯಚೂರು, ಬಳ್ಳಾರಿ ಥರ್ಮಲ್ ಸ್ಥಾವರಗಳ ಕೋಲ್ ಯಾರ್ಡಲ್ಲಿ. ನಾನು ಹೇಳ್ಬೇಕು ಅಂತಿರೋದು ಇಷ್ಟೆ, ಬೇಸಿಗೇಲಿ ಕರೆಂಟ್ ಇರುತ್ತಾ ಇಲ್ವಾ ಅನ್ನೋದು ಬೇಸಿಗೇಲಿ ತೀರ್ಮಾನ ಆಗೋ ವಿಷಯನೇ ಅಲ್ಲ, ಅದಕ್ಕಿಂತ ಎಷ್ಟೋ ತಿಂಗಳ ಹಿಂದೆ ಮಳೆಗಾಲದ ಆಚೀಚೆ ಯಾರು ಯಾರಿಗೆ ದುಡ್ಡು ಕೊಟ್ರು, ಎಷ್ಟು ರೇಕ್, ಅಂದ್ರೆ ಕಲ್ಲಿದ್ದಲು ಹೊತ್ತ ಗೂಡ್ಸ್ ರೈಲು, ಬಂದು ಖಾಲಿಯಾಯ್ತು ಅನ್ನೋದರಲ್ಲೇ ಮುಕ್ಕಾಲು ಪಾಲು ಆಗಿಹೋಗಿರುತ್ತೆ.

ಮೊದಲು ಭೂಗೋಳ. ಕರ್ನಾಟಕದ ನೆಲದಲ್ಲಿ ಚಿನ್ನ ಇದೆ, ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ, ಕಲ್ಲಿದ್ದಲು ಮಾತ್ರ ಇಲ್ಲ. 1980ರ ದಶಕದ ತನಕ ನಾವು ಪೂರ್ತಿ ನೀರನ್ನೇ ನಂಬ್ಕೊಂಡಿದ್ವಿ, ಶರಾವತಿ ತುಂಬಿದ್ರೆ ಬೆಳಕು, ಇಲ್ಲಾಂದ್ರೆ ಕತ್ತಲೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಒದ್ದಾಡಿದ ಮೇಲೆನೇ ರಾಯಚೂರು ಹತ್ರ ಕೃಷ್ಣಾ ನದಿ ದಂಡೇಲಿ ಶಕ್ತಿನಗರದಲ್ಲಿ ರಾಜ್ಯದ ಮೊದಲ ಥರ್ಮಲ್ ಸ್ಥಾವರ ಬಂದಿದ್ದು, 1985ರಲ್ಲಿ ಮೊದಲನೇ ಘಟಕ ಶುರುವಾಯ್ತು. ಈಗ ಅಲ್ಲಿ 210 ಮೆಗಾವ್ಯಾಟಿನ ಏಳು, 250ರದ್ದು ಒಂದು, ಒಟ್ಟು 1,720 ಮೆಗಾವ್ಯಾಟ್. ಆಮೇಲೆ ಬಳ್ಳಾರಿ ಪಕ್ಕ ಕುಡತಿನಿಯಲ್ಲಿ 500ರದ್ದು ಎರಡು, 700ರದ್ದು ಒಂದು ಸೇರಿ 1,700, ರಾಯಚೂರಿನ ಯರಮರಸಲ್ಲಿ 800ರದ್ದು ಎರಡು. ಮೂರೂ ಸೇರಿದ್ರೆ 5,020. ಇದು ರಾಜ್ಯ ಸರ್ಕಾರದ ವಿದ್ಯುತ್ ಉತ್ಪಾದನಾ ಕಂಪನಿ ಕೆಪಿಸಿಎಲ್ ಕೈಯಲ್ಲಿರೋ ಕಲ್ಲಿದ್ದಲು ಸಾಮರ್ಥ್ಯ, ಯರಮರಸಲ್ಲಿ ಬಿಎಚ್‌ಇಎಲ್ ಜೊತೆ ಪಾಲು. ಇದಲ್ದೆ ವಿಜಯಪುರ ಜಿಲ್ಲೆ ಕೂಡಗಿಯಲ್ಲಿ ಕೇಂದ್ರ ಸರ್ಕಾರದ ಕಂಪನಿ ಎನ್‌ಟಿಪಿಸಿಯ 2,400, ಉಡುಪಿ ಹತ್ರ ಅದಾನಿಯವ್ರ 1,200. ಉಡುಪಿದು ಬೇರೆ ಕಥೆ, ಅದು ಹಡಗಲ್ಲಿ ಬರೋ ವಿದೇಶಿ ಕಲ್ಲಿದ್ದಲಿನ ಮೇಲೇ ನಡೆಯೋದು, ಮಂಗಳೂರು ಬಂದರಲ್ಲಿ ಇಳಿದು ಬರುತ್ತೆ.

ಈಗ ಈ ಒಂದು ಲೆಕ್ಕ ನೋಡಿ, ಇದು ತಲೇಲಿ ಕೂತ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ರಾಯಚೂರಿನಂಥ ಹಳೇ ಘಟಕದಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಅಂದ್ರೆ ಬೆಂಗಳೂರಿನ ಫ್ಲಾಟಲ್ಲಿ ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಆನ್ ಆಗಿದ್ರೆ ಅಲ್ಲಿ ಮುಕ್ಕಾಲು ಕೇಜಿ ಹತ್ರ ಉರೀತು ಅಂತ ಲೆಕ್ಕ, ಲೈನಲ್ಲಿ ಸೋರೋದು ಬೇರೆ. ಒಂದು 210 ಮೆಗಾವ್ಯಾಟಿನ ಘಟಕ ಇಡೀ ದಿನ ಪೂರ್ತಿ ಓಡಿದ್ರೆ 50 ಲಕ್ಷ ಯೂನಿಟ್, ಅಂದ್ರೆ ಮೂರೂವರೆ ಸಾವಿರ ಟನ್. ಒಂದು ಗೂಡ್ಸ್ ರೈಲು, ಇವ್ರ ಭಾಷೇಲಿ ಒಂದು ರೇಕ್, 58 ಇಲ್ಲಾ 59 ವ್ಯಾಗನ್, ಹೊತ್ತು ತರೋದು ನಾಲ್ಕು ಸಾವಿರ ಟನ್ನಿನ ಆಸುಪಾಸು. ಸೋ ಒಂದು ಘಟಕಕ್ಕೆ ದಿನಕ್ಕೆ ಒಂದು ರೈಲು, ಹೆಚ್ಚುಕಮ್ಮಿ. ರಾಯಚೂರಿನ ಎಂಟಕ್ಕೆ ಏಳೆಂಟು ರೈಲು. ಮೂರೂ ಸ್ಥಾವರ ಫುಲ್ ಲೋಡಲ್ಲಿ ಓಡ್ಬೇಕು ಅಂದ್ರೆ ದಿನಕ್ಕೆ ಇಪ್ಪತ್ತು ರೇಕ್, ಭಾನುವಾರ ಹಬ್ಬ ಹರಿದಿನ ಅಂತ ಏನೂ ಇಲ್ಲ, ನೂರಾರು ಕಿಲೋಮೀಟರ್ ದೂರದಿಂದ, ಪ್ಯಾಸೆಂಜರ್ ರೈಲುಗಳು ಓಡಾಡೋ ಅದೇ ಹಳಿ ಮೇಲೆ.

ಇದು ಬರೋದೆಲ್ಲಿಂದ? ಮುಖ್ಯವಾಗಿ ತೆಲಂಗಾಣದ ಸಿಂಗರೇಣಿ, ಒಡಿಶಾದ ತಾಲ್ಚೇರ್ ಕಡೆ ಮಹಾನದಿ ಕೋಲ್‌ಫೀಲ್ಡ್ಸ್, ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್. ಸಿಂಗರೇಣಿ ಹತ್ರ ಇದೆ, ಆದ್ರೆ ಅವ್ರ ಕಲ್ಲಿದ್ದಲು ಕೋಲ್ ಇಂಡಿಯಾದ್ದಕ್ಕಿಂತ (ಉಳಿದೆರಡೂ ಅದರದ್ದೇ ಕಂಪನಿಗಳು) ದುಬಾರಿ. ತಾಲ್ಚೇರಿನ ಮಾಲು ಗಣಿ ಬಾಯಲ್ಲಿ ಅಗ್ಗ, ಜಿ12, ಜಿ13 ಅನ್ನೋ ಕಮ್ಮಿ ಶಾಖದ ದರ್ಜೆಗೆ ಕಂಪನಿ ನಿಗದಿ ಮಾಡಿದ ಮೂಲ ಬೆಲೆ ಟನ್ನಿಗೆ ಸಾವಿರ ರೂಪಾಯಿಗೂ ಕಡಿಮೆ, ಆದ್ರೆ ಅದು ಸಾವಿರ ಕಿಲೋಮೀಟರಿಗಿಂತ ಹೆಚ್ಚು ರೈಲಲ್ಲಿ ಬರ್ಬೇಕು, ಅಷ್ಟು ದೂರಕ್ಕೆ ರೈಲ್ವೆ ಬಾಡಿಗೆ ಕಲ್ಲಿದ್ದಲಿನ ಬೆಲೆನೇ ಮೀರಿಸುತ್ತೆ. ನಾವು ಕಲ್ಲಿದ್ದಲು ಕೊಳ್ತಿದ್ದೀವಿ ಅಂದ್ಕೊಂಡಿರ್ತೀವಿ, ನಿಜ ನೋಡಿದ್ರೆ ರೈಲು ಬಾಡಿಗೆ ಕೊಳ್ತಿರ್ತೀವಿ. ಅದರಲ್ಲೂ ಕಲ್ಲಿದ್ದಲಿನ ತೂಕದಲ್ಲಿ ಮೂರನೇ ಒಂದು ಭಾಗ ಬೂದಿ, ನಮ್ಮ ದೇಶದ ಕಲ್ಲಿದ್ದಲೇ ಹಾಗೆ, 30ರಿಂದ 40 ಪರ್ಸೆಂಟ್ ಬೂದಿ. ಅಂದ್ರೆ ಒಂದು ರೇಕಿನ 58 ವ್ಯಾಗನ್ನಲ್ಲಿ ಇಪ್ಪತ್ತು ವ್ಯಾಗನ್ ಉರಿಯದೇ ಇರೋ ಮಣ್ಣಿಗೆ ಬಾಡಿಗೆ ಕಟ್ಟಿ ತರ್ಸಿದ್ದು.

ಸ್ವಂತ ಗಣಿ ಯಾಕಿಲ್ಲ ಅಂತ ಕೇಳ್ಬಹುದು. ಇದೆ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್. ಮೊದಲು ಒಂದು ಖಾಸಗಿ ಕಂಪನಿ ಜೊತೆ ಸೇರಿ ಗಣಿಗಾರಿಕೆ ನಡೀತಿತ್ತು, 2014ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟ್ ಒಂದೇ ಏಟಿಗೆ 204 ಬ್ಲಾಕ್ ರದ್ದು ಮಾಡ್ದಾಗ ಇದೂ ಹೋಯ್ತು. ಆಮೇಲೆ ಕೆಪಿಸಿಎಲ್‌ಗೇ ವಾಪಸ್ ಹಂಚಿಕೆ ಆದ್ರೂ ಮತ್ತೆ ಕಲ್ಲಿದ್ದಲು ಎತ್ತೋಕೆ ಶುರು ಮಾಡೋಕೆ ವರ್ಷಗಟ್ಟಲೆ ಹಿಡೀತು, ಭೂಮಿ ಕಳ್ಕೊಂಡವ್ರ ಪರಿಹಾರ, ಹಳೇ ಕಂಪನಿ ಜೊತೆ ವ್ಯಾಜ್ಯ, ಅನುಮತಿಗಳು, ಎಲ್ಲ. ಅದರ ಸಾಮರ್ಥ್ಯ ವರ್ಷಕ್ಕೆ 25 ಲಕ್ಷ ಟನ್ ಅಂತ. ದೊಡ್ಡ ಸಂಖ್ಯೆ ಅನ್ಸುತ್ತೆ, ಭಾಗಿಸಿ ನೋಡಿದ್ರೆ ದಿನಕ್ಕೆ ಎರಡು ರೇಕೂ ಆಗಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದ್ರೂ ಅಷ್ಟಾದ್ರೂ ನಮ್ಮ ಕೈಲಿದೆ ಅನ್ನೋದು ಸಣ್ಣ ವಿಷಯ ಅಲ್ಲ, ಯಾಕಂತ ಮುಂದೆ ಬಾಕಿ ವಿಷಯ ಬಂದಾಗ ಗೊತ್ತಾಗುತ್ತೆ.

ರೈಲು ಬಂತು ಅಂದ ತಕ್ಷಣ ಕರೆಂಟ್ ಬಂತು ಅಂತಲ್ಲ. ಸ್ಥಾವರದ ಒಳಗೆ ಒಂದೊಂದೇ ವ್ಯಾಗನ್ ಬಿಡಿಸಿ ಟಿಪ್ಲರ್ ಅನ್ನೋ ಯಂತ್ರದೊಳಗೆ ತಳ್ತಾರೆ, ಅದು ವ್ಯಾಗನ್ನನ್ನ ಹಿಡ್ಕೊಂಡು ಹಾಗೇ ಮಗುಚಿ ಕೆಳಗಿನ ಹಾಪರ್‌ಗೆ ಸುರಿಯುತ್ತೆ, ಆ ಸದ್ದು, ಆ ಧೂಳು. ಅಲ್ಲಿಂದ ಕ್ರಷರ್, ಕನ್ವೇಯರ್ ಬೆಲ್ಟ್, ಬಾಯ್ಲರ್ ಪಕ್ಕದ ಬಂಕರ್, ಬಂಕರ್ ಕೆಳಗಿನ ಕೋಲ್ ಮಿಲ್, ಮಿಲ್ಲಲ್ಲಿ ಮುಖಕ್ಕೆ ಹಚ್ಚೋ ಪೌಡರ್ ಥರ ನುಣ್ಣಗೆ ಆದ್ಮೇಲೆ ಬಿಸಿ ಗಾಳಿ ಜೊತೆ ಬಾಯ್ಲರ್ ಒಳಗೆ ಊದೋದು. ಮಳೆಗಾಲದಲ್ಲಿ ಬರೋ ಒದ್ದೆ ಮಾಲು ವ್ಯಾಗನ್ ತಳಕ್ಕೆ ಮೆತ್ಕೊಂಡು ಮಗುಚಿದ್ರೂ ಬೀಳಲ್ಲ, ಬಂಕರಲ್ಲಿ ಗಟ್ಟಿಯಾಗಿ ಕೂತ್ಕೊಂಡ್ರೆ ಜನ ಕಬ್ಬಿಣದ ಸಲಾಕೆ ಹಿಡ್ಕೊಂಡು ಚುಚ್ಚಿ ಚುಚ್ಚಿ ಇಳಿಸ್ಬೇಕು, ಇತ್ತ ರೇಕ್ ಖಾಲಿ ಮಾಡೋದು ತಡ ಆದಷ್ಟೂ ರೈಲ್ವೆಗೆ ಕಟ್ಟೋ ಡೆಮರೇಜ್, ಅಂದ್ರೆ ತಡ ಮಾಡಿದ್ದಕ್ಕೆ ದಂಡ, ಏರ್ತಾ ಇರುತ್ತೆ. ಮಧ್ಯೆ ಮಧ್ಯೆ ಬಂಡೆ ಗಾತ್ರದ ಕಲ್ಲುಗಳು ಬೇರೆ. ಸ್ಟಾಕ್ ಇದೆ ಅಂತ ಪೇಪರಲ್ಲಿ ತೋರಿಸ್ತಿರೋ ದಿನವೇ ಘಟಕ ಅರ್ಧ ಲೋಡಲ್ಲಿ ಓಡೋದು ಈ ಕಾರಣಕ್ಕೆ. ಯಾರ್ಡಲ್ಲಿ ಜಾಸ್ತಿ ದಿನ ರಾಶಿ ಹಾಕಿ ಇಟ್ಟುಬಿಡೋಣ ಅಂದ್ರೆ ಅದೂ ಸುಲಭ ಇಲ್ಲ, ಕಲ್ಲಿದ್ದಲು ಗಾಳಿಗೆ ತಾನಾಗೇ ಬಿಸಿಯಾಗಿ ಒಳಗೊಳಗೇ ಹೊತ್ಕೊಳ್ಳುತ್ತೆ, ಅದಕ್ಕೇ ಬುಲ್ಡೋಜರ್ ಓಡಿಸಿ ಒತ್ತಿ ಒತ್ತಿ ಇಡ್ತಾರೆ, ನೀರು ಹೊಡೀತಾರೆ, ಆದ್ರೂ ಶಾಖದ ಅಂಶ ಸ್ವಲ್ಪ ಸ್ವಲ್ಪ ಹೋಗ್ತಾನೇ ಇರುತ್ತೆ.

ಶಾಖ ಅಂದಾಗ ದರ್ಜೆ ವಿಷಯ ಹೇಳ್ಲೇಬೇಕು, ಯಾಕಂದ್ರೆ ಇಲ್ಲೇ ದುಡ್ಡು ಕಣ್ಣಿಗೆ ಕಾಣದೇ ಸೋರೋದು. ನಮ್ಮಲ್ಲಿ ಕಲ್ಲಿದ್ದಲಿಗೆ ಜಿ1ರಿಂದ ಜಿ17ರ ತನಕ ದರ್ಜೆ, ಒಂದೊಂದಕ್ಕೂ ಕೇಜಿಗೆ 300 ಕಿಲೋ ಕ್ಯಾಲೊರಿ ಅಂತರ. ಜಿ13 ಅಂದ್ರೆ 3,400ರಿಂದ 3,700. ಗಣಿ ಹತ್ರ ಲೋಡ್ ಮಾಡ್ವಾಗ ಒಂದು ದರ್ಜೆ ಅಂತ ಬಿಲ್ ಆಗುತ್ತೆ, ಸ್ಥಾವರದಲ್ಲಿ ಇಳಿಸಿ ಸ್ಯಾಂಪಲ್ ತೆಗೆದ್ರೆ ಒಂದೆರಡು ದರ್ಜೆ ಕೆಳಗೆ ಬರುತ್ತೆ, ಈ ಜಗಳ ದೇಶದ ಎಲ್ಲಾ ರಾಜ್ಯಗಳದ್ದೂ. ಅದಕ್ಕೇ ಧನ್‌ಬಾದಿನ ಸಿಂಫರ್‌ನಂಥ ಮೂರನೇ ಸಂಸ್ಥೆಯಿಂದ ಸ್ಯಾಂಪಲ್ ಪರೀಕ್ಷೆ ಮಾಡಿಸೋ ಪದ್ಧತಿ ಬಂದಿದ್ದು, ಜಗಳ ಕಮ್ಮಿ ಆಯ್ತು, ನಿಂತಿಲ್ಲ. ಇದ್ಯಾಕೆ ಮುಖ್ಯ ಅಂದ್ರೆ, ಒಂದು ಯೂನಿಟಿಗೆ 2,500 ಕಿಲೋ ಕ್ಯಾಲೊರಿ ಬೇಕು ಅಂತ ಇಟ್ಕೊಳಿ, 3,500ರ ಕಲ್ಲಿದ್ದಲಾದ್ರೆ 714 ಗ್ರಾಂ ಸಾಕು, 3,200ರದ್ದಾದ್ರೆ 781 ಗ್ರಾಂ. ಒಂಬತ್ತು ಪರ್ಸೆಂಟ್ ಜಾಸ್ತಿ. ಅಂದ್ರೆ ಹನ್ನೊಂದು ರೇಕ್ ಬೇಕಾದ ಕಡೆ ಹನ್ನೆರಡು. ಕಾಗದದ ಮೇಲೆ 20 ದಿನದ ಸ್ಟಾಕ್ ಇದ್ರೆ ನಿಜವಾಗಿ ಇರೋದು 18 ದಿನಕ್ಕೆ. ಮಂತ್ರಿಗಳ ಪ್ರೆಸ್ ಮೀಟಲ್ಲಿ ಯಾರಾದ್ರೂ ದರ್ಜೆ ಬಗ್ಗೆ ಒಂದು ಪ್ರಶ್ನೆ ಕೇಳಿದ್ದು ನಾನಂತೂ ನೋಡಿಲ್ಲ, ಟನ್ ಎಷ್ಟು ಅಂತಷ್ಟೇ ಕೇಳ್ತಾರೆ.

ಈಗ ಸ್ಟಾಕ್ ವಿಷಯಕ್ಕೆ ಬರೋಣ. ಕೇಂದ್ರ ವಿದ್ಯುತ್ ಪ್ರಾಧಿಕಾರ, ಅಂದ್ರೆ ಸಿಇಎ, 2021ರ ಕಲ್ಲಿದ್ದಲು ಬಿಕ್ಕಟ್ಟಾದ ಮೇಲೆ ಮಾಡಿದ ನಿಯಮದ ಪ್ರಕಾರ ಗಣಿ ಪಕ್ಕದ ಸ್ಥಾವರಗಳು ತಿಂಗಳಿಗೆ ತಕ್ಕಂತೆ 12ರಿಂದ 17 ದಿನದ್ದು, ಗಣಿಯಿಂದ ದೂರ ಇರೋವು 20ರಿಂದ 26 ದಿನದ್ದು ಇಟ್ಕೊಂಡಿರ್ಬೇಕು. ನಮ್ಮವೆಲ್ಲ ದೂರದ ಪಟ್ಟಿಯವೇ. ರಾಯಚೂರು ಒಂದಕ್ಕೇ 20 ದಿನ ಅಂದ್ರೆ ಏನಿಲ್ಲಾಂದ್ರೂ ಐದು ಲಕ್ಷ ಟನ್. ತಂದು ಇಳಿಸೋ ಹೊತ್ತಿಗೆ ಟನ್ನಿಗೆ ನಾಲ್ಕು ಸಾವಿರ ಅಂತ ಹಿಡಿದ್ರೂ 200 ಕೋಟಿ ರೂಪಾಯಿ ಸುಮ್ನೆ ಯಾರ್ಡಲ್ಲಿ ಬಿದ್ದಿರ್ಬೇಕು. ಆ 200 ಕೋಟಿ ಯಾರ ಜೇಬಿಂದ? ಇಡೀ ಕಥೆಯ ಗಂಟು ಇದೇ.

ಗಂಟು ಬಿಚ್ಚೋಕೆ ಕ್ಯಾಲೆಂಡರ್ ನೋಡ್ಬೇಕು. ಜೂನಿಂದ ಸೆಪ್ಟೆಂಬರ್ ಮಳೆ, ಪಂಪ್‌ಸೆಟ್ ಓಡಲ್ಲ, ಗಾಳಿ ವಿದ್ಯುತ್ ಚೆನ್ನಾಗಿ ಬರುತ್ತೆ, ಜಲಾಶಯ ತುಂಬಿದ್ರೆ ನೀರಿಂದನೂ ಸಾಕಷ್ಟು ಬರುತ್ತೆ, ಥರ್ಮಲ್ ಘಟಕಗಳನ್ನ ಒಂದೊಂದಾಗಿ ನಿಲ್ಲಿಸಿ ರಿಪೇರಿಗೆ ಬಿಡ್ತಾರೆ. ಸ್ಟಾಕ್ ಪೇರಿಸೋಕೆ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ, ಆದ್ರೆ ಆಗಲೇ ಗಣಿಗಳಲ್ಲಿ ನೀರು ನಿಂತು ಉತ್ಪಾದನೆ ಬೀಳೋದು, ಬಂದಿದ್ದೂ ಒದ್ದೆ. ಜನವರಿಯಿಂದ ಮಾರ್ಚ್ ತನಕ ಗಣಿಗಳು ವರ್ಷದ ಟಾರ್ಗೆಟ್ ಮುಟ್ಟೋಕೆ ಒಂದೇ ಸಮ ತೆಗೀತಾರೆ, ಕಲ್ಲಿದ್ದಲು ಬೇಕಾದಷ್ಟು, ಆದ್ರೆ ಆಗ ನಮ್ಮ ಬೇಡಿಕೆನೂ ತುತ್ತತುದೀಲಿ, ಬಂದಿದ್ದು ಬಂದ ಹಾಗೆ ಬಂಕರಿಗೆ ಹೋಗುತ್ತೆ, ರಾಶಿ ಬೆಳೆಯೋದೇ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ. ಉಳಿಯೋದು ಎರಡೇ ಕಿಟಕಿ, ಮಳೆ ಹಿಡಿಯೋಕೆ ಮುಂಚೆ ಮೇ ಕೊನೆ, ಮಳೆ ಬಿಟ್ಟ ಮೇಲೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್.

ಈ ಕಿಟಕಿ ತಪ್ಪಿದ್ರೆ ಏನಾಗುತ್ತೆ ಅಂತ ಮೂರು ವರ್ಷ ಸಾಲಾಗಿ ನೋಡಿದ್ದೀವಿ. 2021ರಲ್ಲಿ ಕೋವಿಡ್ ಎರಡನೇ ಅಲೆ ಮುಗಿದು ಬೇಡಿಕೆ ದಿಢೀರ್ ಎದ್ದಾಗ ಯಾರ್ಡ್‌ಗಳು ಖಾಲಿ ಇದ್ವು, ಅಕ್ಟೋಬರ್ ಹೊತ್ತಿಗೆ ದೇಶದ ಸ್ಥಾವರಗಳ ಸರಾಸರಿ ಸ್ಟಾಕ್ ನಾಲ್ಕು ದಿನಕ್ಕೆ ಬಂದಿತ್ತು. 2022ರಲ್ಲಿ ಉಕ್ರೇನ್ ಯುದ್ಧದಿಂದ ವಿದೇಶಿ ಕಲ್ಲಿದ್ದಲು ಟನ್ನಿಗೆ 400 ಡಾಲರ್ ದಾಟ್ತು, ಅದನ್ನ ನಂಬಿದ ಸ್ಥಾವರಗಳು ಕೈಚೆಲ್ಲಿದ್ವು, ಆ ಭಾರನೂ ದೇಶದೊಳಗಿನ ಗಣಿಗಳ ಮೇಲೆ ಬಿತ್ತು, ಏಪ್ರಿಲ್ ಕೊನೇಲಿ ಕಲ್ಲಿದ್ದಲು ರೇಕ್‌ಗಳಿಗೆ ದಾರಿ ಬಿಡೋಕೆ ರೈಲ್ವೆಯವ್ರು ನೂರಾರು ಪ್ಯಾಸೆಂಜರ್ ರೈಲು ರದ್ದು ಮಾಡಿದ್ರು, ವಿದೇಶಿ ಕಲ್ಲಿದ್ದಲು ಶೇಕಡ 10 ಬೆರೆಸಿ ಅಂತ ಕೇಂದ್ರ ಎಲ್ಲ ರಾಜ್ಯಗಳಿಗೂ ಹೇಳ್ತು. ಇನ್ನು 2023 ಬಂತು ನೋಡಿ, ಅದು ನಮ್ಮ ರಾಜ್ಯದ್ದೇ ಪೆಟ್ಟು. ಆ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್. ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಲಿಂಗನಮಕ್ಕಿ ತುಂಬಲಿಲ್ಲ, ಮಳೆಗಾಲದಲ್ಲೇ ಪಂಪ್‌ಸೆಟ್‌ಗಳು ಬೇಸಿಗೆ ಥರ ಓಡಿದ್ವು, ಥರ್ಮಲ್ ಘಟಕಗಳು ರಿಪೇರಿಗೆ ಬಿಚ್ಚಿಟ್ಟ ಸಮಯ. ಅಕ್ಟೋಬರಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಿ ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರೋ ಹಾಗಿಲ್ಲ ಅಂದ್ರು, ಉತ್ತರ ಪ್ರದೇಶ ಪಂಜಾಬ್ ಜೊತೆ ಈಗ ಕೊಡಿ ಆಮೇಲೆ ವಾಪಸ್ ಕೊಡ್ತೀವಿ ಅಂತ ಕೈಗಡ ಕರೆಂಟ್ ತಂದ್ರು, ರೈತರಿಗೆ ಏಳು ಗಂಟೆ ಇದ್ದ ತ್ರೀ ಫೇಸ್ ಐದಕ್ಕೆ ಇಳೀತು. ಬೆಂಗಳೂರಿಗೆ ಅಷ್ಟಾಗಿ ತಟ್ಟಲಿಲ್ಲ, ಯಾವತ್ತೂ ತಟ್ಟಲ್ಲ. ಕತ್ತರಿ ಹಾಕೋದು ಮೊದಲು ಹಳ್ಳಿ ಫೀಡರ್‌ಗೇ. ಥರ್ಮಲ್ ಕೊರತೆ ಅಂದ್ರೆ ಬೆಂಗಳೂರಿನವ್ರಿಗೆ ಬಿಲ್ಲು, ಮಾನ್ವಿ ಸಿರಗುಪ್ಪದವ್ರಿಗೆ ಒಣಗಿದ ಬೆಳೆ, ಸಮಸ್ಯೆ ಒಂದೇ ಆದ್ರೂ ಕಾಣೋ ಮುಖ ಬೇರೆ.

ಕಲ್ಲಿದ್ದಲೇ ಕಮ್ಮಿ ಆಯ್ತಾ ಅಂದ್ರೆ ಇಲ್ಲ. 2024-25ರಲ್ಲಿ ದೇಶದ ಉತ್ಪಾದನೆ 100 ಕೋಟಿ ಟನ್ ದಾಟ್ತು. ನೆಲದಡೀಲಿ ಬೇಕಾದಷ್ಟಿದೆ. ಕಮ್ಮಿ ಇರೋದು ಸರಿಯಾದ ತಿಂಗಳಲ್ಲಿ ಸಿಗೋ ರೇಕು, ಮತ್ತೆ ಸರಿಯಾದ ತಿಂಗಳಲ್ಲಿ ಕೊಡೋಕೆ ದುಡ್ಡು. ಹಣದ ಸರಪಳಿ ಹೀಗಿದೆ: 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ, ಆ ದುಡ್ಡನ್ನ ಸರ್ಕಾರ ಸಬ್ಸಿಡಿ ಅಂತ ಕರೆಂಟ್ ಹಂಚೋ ಬೆಸ್ಕಾಂನಂಥ ಎಸ್ಕಾಂಗಳಿಗೆ ಕೊಡ್ಬೇಕು, ಅದು ತಡ ಆಗುತ್ತೆ ಇಲ್ಲಾ ಪೂರ್ತಿ ಬರಲ್ಲ, ಎಸ್ಕಾಂಗಳು ಕೆಪಿಸಿಎಲ್‌ಗೆ ಬಾಕಿ ಇಟ್ಕೊಳ್ತಾರೆ, ಸೋಲಾರ್ ಕಂಪನಿಗೋ ಎನ್‌ಟಿಪಿಸಿಗೋ ಬಾಕಿ ಇಟ್ರೆ ದಂಡ ಬೀಳುತ್ತೆ, ಕೇಸು ಆಗುತ್ತೆ, ಮನೆಯವ್ರೇ ಆದ ಕೆಪಿಸಿಎಲ್‌ಗೆ ಇಟ್ರೆ ಯಾರೂ ಕೇಳಲ್ಲ. ಕೆಪಿಸಿಎಲ್ ಸಾಲ ತಂದು ಸಂಭಾಳಿಸುತ್ತೆ, ಸಿಂಗರೇಣಿಗೆ ಕೊಡೋದು ಏರ್ತಾ ಹೋಗುತ್ತೆ. ಸಿಂಗರೇಣಿಲಿ 51 ಪರ್ಸೆಂಟ್ ತೆಲಂಗಾಣ ಸರ್ಕಾರದ್ದು, 49 ಕೇಂದ್ರದ್ದು, ಅವ್ರಿಗೂ ಸಂಬಳ ಕೊಡ್ಬೇಕು ಅಲ್ವಾ, ಬಾಕಿ ಇರೋ ಗಿರಾಕಿಗೆ ರೇಕ್ ಹಿಂದೆ ಹಾಕಿ ದುಡ್ಡು ಕೊಟ್ಟವ್ರಿಗೆ ಮುಂದೆ ಕಳಿಸ್ತಾರೆ. ಟಿವಿಲಿ ಮಾತ್ರ ಕೇಂದ್ರ ಕಲ್ಲಿದ್ದಲು ಕೊಡ್ತಿಲ್ಲ, ರಾಜ್ಯ ಎತ್ತಿಕೊಳ್ತಿಲ್ಲ ಅಂತ ಇಬ್ರೂ ಕಿತ್ತಾಡ್ತಾರೆ, ಎರಡರಲ್ಲೂ ಅರ್ಧರ್ಧ ಸತ್ಯ. ಬರಾಂಜ್ ಗಣಿಗೆ ಬೆಲೆ ಬರೋದು ಇಲ್ಲೇ, ಸ್ವಂತ ಗಣಿಯಲ್ಲಿ ಬಾಕಿ ನೆಪಕ್ಕೆ ಯಾರೂ ರೇಕ್ ನಿಲ್ಲಿಸಲ್ಲ.

ಸೋಲಾರ್ ಇದ್ಯಲ್ಲ, ಪಾವಗಡದಲ್ಲೇ 2,050 ಮೆಗಾವ್ಯಾಟ್, ಇನ್ನೂ ಈ ಹಳೇ ಕಲ್ಲಿದ್ದಲು ಯಾಕೆ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಧ್ಯಾಹ್ನ ನಿಜಕ್ಕೂ ಸೋಲಾರೇ ರಾಜ್ಯ ಓಡಿಸುತ್ತೆ, ಪಂಪ್‌ಸೆಟ್‌ಗಳನ್ನೂ ಹಗಲಿಗೆ ತಳ್ತಿದ್ದಾರೆ, ಒಳ್ಳೇದೇ. ಆದ್ರೆ ಸಂಜೆ ಆರೂವರೆ ಏಳರ ಹೊತ್ತಿಗೆ ಬೆಂಗಳೂರು ಆಫೀಸಿಂದ ಮನೆಗೆ ಬಂದು ಎಸಿ, ಮಿಕ್ಸಿ, ಲಿಫ್ಟ್, ಇವಿ ಚಾರ್ಜರ್ ಎಲ್ಲ ಹಾಕೋ ಸಮಯಕ್ಕೆ ಸೂರ್ಯ ಇರಲ್ಲ. ಆಗ ಥರ್ಮಲ್ ಏಳ್ಬೇಕು. ಹೀಗಾಗಿ ಕಲ್ಲಿದ್ದಲಿನ ಕೆಲಸವೇ ಬದಲಾಗಿದೆ, ಮೊದಲು ಇಪ್ಪತ್ನಾಲ್ಕು ಗಂಟೆ ಒಂದೇ ಸಮ ಓಡ್ತಿದ್ದ ಘಟಕ ಈಗ ಹಗಲು ಬಗ್ಗಿ ಸಂಜೆ ಎದ್ದು ನಿಲ್ಬೇಕು. 55 ಪರ್ಸೆಂಟ್ ಲೋಡಿನ ತನಕ ಇಳಿಸೋಕೆ ತಯಾರಿರ್ಬೇಕು, ಮುಂದೆ ಹಂತ ಹಂತವಾಗಿ 40ಕ್ಕೆ ಅಂತ ಸಿಇಎ 2023ರಲ್ಲೇ ನಿಯಮ ಮಾಡಿದೆ. ಹೊಸ 800 ಮೆಗಾವ್ಯಾಟ್ ಘಟಕಗಳು ಹೇಗೋ ಹೊಂದ್ಕೊಳ್ತಾವೆ, 1985ರ ಬಾಯ್ಲರನ್ನ ದಿನಾ ಬಿಸಿ ಮಾಡಿ ತಣ್ಣಗೆ ಮಾಡಿದ್ರೆ ಅದರ ಟ್ಯೂಬ್ ಬಿರುಕು ಬಿಡದೇ ಇನ್ನೇನು. ರಾಯಚೂರಿನ ಘಟಕ ನಿಂತ ಸುದ್ದಿ ಓದಿದ್ರೆ ಮೂರರಲ್ಲಿ ಒಂದು ಸಲ ಕಾರಣ ಬಾಯ್ಲರ್ ಟ್ಯೂಬ್ ಲೀಕೇಜ್ ಅಂತಲೇ ಇರುತ್ತೇನೋ ಅನ್ಸುತ್ತೆ. ಕಡಿಮೆ ಲೋಡಲ್ಲಿ ಓಡಿದ್ರೆ ಯೂನಿಟಿಗೆ ಹೆಚ್ಚು ಕಲ್ಲಿದ್ದಲು, ನಿಲ್ಲಿಸಿ ಮತ್ತೆ ಹಚ್ಚೋಕೆ ಫರ್ನೇಸ್ ಆಯಿಲ್, ಅದೂ ಖರ್ಚೇ. ಸೋಲಾರ್ ಬಂದ್ಮೇಲೆ ಒಟ್ಟು ಕಲ್ಲಿದ್ದಲು ಕಮ್ಮಿ ಸಾಕು, ಹೌದು, ಆದ್ರೆ ಯಾವತ್ತು ಎಷ್ಟು ಬೇಕು ಅಂತ ಮುಂಚೆ ಹೇಳೋದು ಮೊದಲಿಗಿಂತ ಕಷ್ಟ. ಅದಕ್ಕೇ ಯಾರ್ಡಿನ ರಾಶಿ ಈಗ ಹಿಂದಿಗಿಂತ ಮುಖ್ಯ.

ಬೇರೆ ದಾರಿಗಳ ಬಗ್ಗೆ ಚಿಕ್ಕದಾಗಿ. ಯಲಹಂಕದಲ್ಲಿ ಹಿಂದೆ ಡೀಸೆಲ್ ಸ್ಥಾವರ ಇದ್ದ ಜಾಗದಲ್ಲಿ 370 ಮೆಗಾವ್ಯಾಟಿನ ಗ್ಯಾಸ್ ಸ್ಥಾವರ 2024ರಲ್ಲಿ ಉದ್ಘಾಟನೆ ಆಯ್ತು, ಬೆಂಗಳೂರಿನ ಬಾಗಿಲಲ್ಲೇ ಇದೆ, ಬೇಗ ಎದ್ದು ಬೇಗ ಮಲಗುತ್ತೆ, ಗ್ಯಾಸ್ ದುಬಾರಿ. ಶರಾವತಿಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಅಂತಿದ್ದಾರೆ, ಮಧ್ಯಾಹ್ನದ ಸೋಲಾರಲ್ಲಿ ನೀರು ಮೇಲೆತ್ತಿ ಸಂಜೆ ಬಿಡೋದು, ಐಡಿಯಾ ಸರಿ, ಆದ್ರೆ ಪಶ್ಚಿಮ ಘಟ್ಟದ ಕಾಡು ಕಡೀಬೇಕು, ಅಲ್ಲಿನ ಜನ ವಿರೋಧ ಮಾಡ್ತಿದ್ದಾರೆ, ಅದಕ್ಕೆ ಬೇರೆ ಲೇಖನನೇ ಬೇಕು. ಬ್ಯಾಟರಿ ಬರ್ತಿದೆ, ಬೆಲೆ ಇಳೀತಿದೆ. ಇದೆಲ್ಲ ಸೇರಿ ಕೆಲಸಕ್ಕೆ ಬರೋ ತನಕ ಬೇಡಿಕೆ ಕಾಯಲ್ಲ, ರಾಜ್ಯದ ಗರಿಷ್ಠ ಬೇಡಿಕೆ 2024ರ ಬೇಸಿಗೇಲಿ 17,000 ಮೆಗಾವ್ಯಾಟ್ ದಾಟಿತ್ತು, 2025ರಲ್ಲಿ 18,000 ದಾಟ್ತು.

ಇನ್ನು ನಮ್ಮ ಬಿಲ್ಲು. ಬೆಸ್ಕಾಂ ಬಿಲ್ಲಲ್ಲಿ ಯೂನಿಟ್ ದರದ ಕೆಳಗೆ ಎಫ್‌ಪಿಪಿಸಿಎ ಅಂತ ಒಂದು ಸಾಲು ಇರುತ್ತೆ, ಕೆಲವು ತಿಂಗಳು ಪ್ಲಸ್, ಕೆಲವು ತಿಂಗಳು ಮೈನಸ್, ತುಂಬಾ ಜನ ಅದನ್ನ ತೆರಿಗೆ ಅಂದ್ಕೊಂಡಿದ್ದಾರೆ. ಅದು ಇಂಧನ ಮತ್ತೆ ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ. ವರ್ಷದ ಶುರುವಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಅಂದಾಜು ಮಾಡಿ ದರ ನಿಗದಿ ಮಾಡಿರುತ್ತೆ, ಕಲ್ಲಿದ್ದಲು ಅದಕ್ಕಿಂತ ದುಬಾರಿ ಆದ್ರೆ, ಕೆಳದರ್ಜೆಯದ್ದು ಬಂದು ಹೆಚ್ಚು ಸುಟ್ರೆ, ಇಲ್ಲಾ ನಮ್ಮ ಘಟಕ ನಿಂತು ಕರೆಂಟ್ ಮಾರುಕಟ್ಟೆಯಾದ ಎಕ್ಸ್‌ಚೇಂಜಲ್ಲಿ ಸಂಜೆ ಹೊತ್ತಿನ ದುಬಾರಿ ಕರೆಂಟ್ ಕೊಂಡ್ರೆ, ಆ ವ್ಯತ್ಯಾಸ ಈ ಸಾಲಲ್ಲಿ ಬಂದು ಕೂರುತ್ತೆ. ತಾಲ್ಚೇರಲ್ಲಿ ಮಳೆ ಬಂದು ಗಣಿ ನಿಂತಿದ್ದು ಜಯನಗರದ ಬಿಲ್ಲಲ್ಲಿ ಕೆಲವು ತಿಂಗಳು ಬಿಟ್ಟು ಪೈಸೆ ಲೆಕ್ಕದಲ್ಲಿ ಕಾಣಿಸಿಕೊಳ್ಳೋದು ಹೀಗೆ.

ಇದರಲ್ಲಿ ಇತ್ತೀಚಿನ ಒಂದು ಬದಲಾವಣೆ ಬಗ್ಗೆ ಯಾರೂ ಹೆಚ್ಚು ಮಾತಾಡಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕಲ್ಲಿದ್ದಲಿನ ಮೇಲಿದ್ದ ಟನ್ನಿಗೆ 400 ರೂಪಾಯಿ ಸೆಸ್ ತೆಗೆದ್ರು, ಜಿಎಸ್‌ಟಿ 5ರಿಂದ 18 ಪರ್ಸೆಂಟಿಗೆ ಏರಿಸಿದ್ರು. ಕರೆಂಟ್ ಜಿಎಸ್‌ಟಿ ಹೊರಗಿರೋದ್ರಿಂದ ಸ್ಥಾವರಕ್ಕೆ ಆ ತೆರಿಗೆ ವಾಪಸ್ ಸಿಗಲ್ಲ, ಪೂರ್ತಿ ಖರ್ಚಿಗೇ ಸೇರುತ್ತೆ. ಕೂಡಿ ಕಳೆದ್ರೆ ಟನ್ನಿಗೆ ಮೂರು ಸಾವಿರದ ಆಸುಪಾಸು ಗಡಿ ಬರುತ್ತೆ, ಅದಕ್ಕಿಂತ ಅಗ್ಗದ ಮಾಲಿಗೆ ತೆರಿಗೆ ಕಮ್ಮಿ ಆಯ್ತು, ಮೇಲಿನದಕ್ಕೆ ಜಾಸ್ತಿ ಆಯ್ತು. ಸಾವಿರ ರೂಪಾಯಿದಕ್ಕೆ ಮೊದಲು 450 ಬೀಳ್ತಿತ್ತು, ಈಗ 180. ನಾಲ್ಕು ಸಾವಿರದ್ದಕ್ಕೆ 600 ಇದ್ದದ್ದು 720. ಅಂದ್ರೆ ಕೋಲ್ ಇಂಡಿಯಾದ ಕೆಳದರ್ಜೆ ಮಾಲಿಗೆ ಅನುಕೂಲ, ದುಬಾರಿ ಮಾಲಿಗೂ ಹೊರದೇಶದ್ದಕ್ಕೂ ಅನುಕೂಲ ಕಮ್ಮಿ, ಇಲ್ಲಾಂದ್ರೆ ನಷ್ಟವೇ. ಹತ್ತಿರದ ಸಿಂಗರೇಣಿಯಿಂದ ಎಷ್ಟು ತರ್ಬೇಕು, ದೂರದ ತಾಲ್ಚೇರಿಂದ ಎಷ್ಟು ಅನ್ನೋ ಲೆಕ್ಕವನ್ನ ಕೆಪಿಸಿಎಲ್ ಮತ್ತೆ ಹಾಕ್ಲೇಬೇಕಾಗುತ್ತೆ, ಆದ್ರೆ ಅಗ್ಗದ ದೂರದ ಮಾಲಂದ್ರೆ ಹೆಚ್ಚು ಬೂದಿ, ಹೆಚ್ಚು ರೇಕ್, ಹಳಿ ಮೇಲೆ ಹೆಚ್ಚು ದಿನ.

ಬೂದಿ ಅಂದ್ಮೇಲೆ ಒಂದು ಮಾತು. ಶಕ್ತಿನಗರದ ಸುತ್ತಲಿನ ಊರವ್ರು ಹಾರುಬೂದಿ ಜೊತೆ ನಲವತ್ತು ವರ್ಷದಿಂದ ಬದುಕ್ತಿದ್ದಾರೆ, ಒಣಗಿಸಿದ ಬಟ್ಟೆ, ಮಾಳಿಗೆ, ಹೊಲ, ಎಲ್ಲದರ ಮೇಲೂ. ಅದರಲ್ಲಿ ಒಂದಷ್ಟು ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತೆ, ಪಿಪಿಸಿ ಸಿಮೆಂಟಲ್ಲಿ ಶೇಕಡ 35ರ ತನಕ ಹಾರುಬೂದಿ ಸೇರಿಸ್ಬಹುದು, ಬೆಂಗಳೂರಲ್ಲಿ ಕಟ್ತಿರೋ ಎಷ್ಟೋ ಅಪಾರ್ಟ್‌ಮೆಂಟಿನ ಗೋಡೆ ಇದೇ. ಇತ್ತ ಗಂಧಕದ ಹೊಗೆ ತಡೆಯೋ ಎಫ್‌ಜಿಡಿ ಯಂತ್ರ ಹಾಕ್ಬೇಕು ಅಂತ 2015ರಲ್ಲಿ ನಿಯಮ ಬಂದು ಗಡುವು ಮುಂದೂಡ್ತಾ ಮುಂದೂಡ್ತಾ 2025ರ ಜುಲೈನಲ್ಲಿ ದೊಡ್ಡ ನಗರಗಳಿಂದ ದೂರ ಇರೋ ಬಹುತೇಕ ಸ್ಥಾವರಗಳಿಗೆ ಬೇಡವೇ ಬೇಡ ಅಂತ ಕೇಂದ್ರ ವಿನಾಯ್ತಿ ಕೊಡ್ತು. ಕರೆಂಟು ಇಲ್ಲಿಗೆ, ಹೊಗೆ ಅಲ್ಲಿಗೆ. ಉಚಿತ ಕರೆಂಟ್ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡೋ ನಾವು ಈ ಲೆಕ್ಕ ತೆಗೆಯೋದೇ ಇಲ್ಲ.

ಮತ್ತೆ ಆ 200 ಕೋಟಿಗೆ ಬರ್ತೀನಿ. ಕೂಡಗಿಯಂಥ ಕೇಂದ್ರದ ಸ್ಥಾವರಗಳಿಗೆ ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ ಸಿಇಆರ್‌ಸಿ ದರ ನಿಗದಿ ಮಾಡ್ವಾಗ ಗಣಿಯಿಂದ ದೂರ ಇರೋವಕ್ಕೆ 20 ದಿನದ ಕಲ್ಲಿದ್ದಲು ದಾಸ್ತಾನಿನ ದುಡಿಯೋ ಬಂಡವಾಳಕ್ಕೆ ಬಡ್ಡಿ ಕೊಡುತ್ತೆ, ಅದು ನಾವು ಕಟ್ಟೋ ದರದೊಳಗೇ ಇದೆ. ಅಂದ್ರೆ ಯಾರ್ಡಲ್ಲಿ 20 ದಿನದ್ದು ಇರಲಿ ಎಂಟೇ ದಿನದ್ದಿರಲಿ, ಬಡ್ಡಿ ಲೆಕ್ಕ ಮಾತ್ರ ನಿಯಮದ ಪ್ರಕಾರನೇ. ರಾಜ್ಯದ ಸ್ಥಾವರಗಳ ವಿಷಯದಲ್ಲಿ ಕೆಇಆರ್‌ಸಿ ವಿಚಾರಣೆಗಳಲ್ಲಿ ಗ್ರಾಹಕರು ಕೇಳ್ಬೇಕಾದ್ದು ಇದನ್ನೇ: ನವೆಂಬರ್ 30ಕ್ಕೆ ರಾಯಚೂರು, ಬಳ್ಳಾರಿ, ಯರಮರಸಲ್ಲಿ ನಿಜವಾಗಿ ಎಷ್ಟು ದಿನದ ಸ್ಟಾಕ್ ಇತ್ತು, ಯಾವ ದರ್ಜೆದು, ಆ ದಿನಕ್ಕೆ ಸರ್ಕಾರ ಎಸ್ಕಾಂಗಳಿಗೆ ಕೊಡ್ಬೇಕಾದ ಸಬ್ಸಿಡಿ ಬಾಕಿ ಎಷ್ಟು, ಎಸ್ಕಾಂಗಳು ಕೆಪಿಸಿಎಲ್‌ಗೆ ಎಷ್ಟು. ಮೊದಲನೇದಕ್ಕೆ ಯಾರನ್ನೂ ಕೇಳೋ ಅವಶ್ಯಕತೆನೂ ಇಲ್ಲ, ಸಿಇಎ ದಿನಾ ಸ್ಥಾವರವಾರು ಕಲ್ಲಿದ್ದಲು ಪಟ್ಟಿ ಹಾಕುತ್ತೆ, ನಿಯಮದ ಸ್ಟಾಕಿನ ಕಾಲು ಭಾಗಕ್ಕಿಂತ ಕೆಳಗೆ ಬಂದ್ರೆ ಕ್ರಿಟಿಕಲ್ ಅಂತ ಗುರುತು ಹಾಕಿರ್ತಾರೆ. ನವೆಂಬರಲ್ಲಿ ಆ ಪಟ್ಟಿಯಲ್ಲಿ ನಮ್ಮ ಮೂರು ಹೆಸರಿನ ಮುಂದೆ ಹತ್ತು ದಿನಕ್ಕಿಂತ ಕಮ್ಮಿ ಸ್ಟಾಕ್ ಕಂಡ್ರೆ ಮಾರ್ಚಲ್ಲಿ ಮಂತ್ರಿಗಳು ಎಷ್ಟು ಮೆಗಾವ್ಯಾಟ್ ಹೇಳಿದ್ರೂ ನಾನಂತೂ ನಂಬಲ್ಲ.